ಪರದೆಯ ಹಿಂದಿನ ಬುತ್ತಿ

ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಎರಡು ಲಾಡ್ಜು, ಮೂರು ಚಹಾದಂಗಡಿ, ಒಂದು ಮೊಬೈಲ್ ಅಂಗಡಿ ಮತ್ತು ನನ್ನ ರೊಟ್ಟಿ ಖಾನಾವಳಿ ಇವೆ. ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ದಿನ ನಮ್ಮನ್ನೆಲ್ಲ ಪೊಲೀಸ್ ಠಾಣೆಗೆ ಕರೆದರು. ತಪ್ಪು ಮಾಡಿದ್ದಕ್ಕಲ್ಲ, ಕುರ್ಚಿ ಹಾಕಿ, ಚಹಾ ಕೊಟ್ಟು ಕೂಡಿಸಿದರು. ಠಾಣೆಯಲ್ಲಿ ಬೈದರೆ ಆಗುವ ಹೆದರಿಕೆಗಿಂತ ಚಹಾ ಕೊಟ್ಟರೆ ಆಗುವ ಹೆದರಿಕೆ ದೊಡ್ಡದು ಎಂದು ಅಂದು ತಿಳಿಯಿತು.

ಪಿಎಸ್‌ಐ ಸಿದ್ದರಾಮೇಶ ಅವರು ಹೊಸಬರು, ತುಮಕೂರು ಕಡೆಯವರು. ವಯಸ್ಸಿನಲ್ಲಿ ನನ್ನ ಮೊಮ್ಮಗನಷ್ಟು. ಮೇಲಿಂದ ಪತ್ರ ಬಂದಿದೆ ಎಂದರು. ಬಸ್ ನಿಲ್ದಾಣದ ಸುತ್ತ ಜನ ಉಳಿಯುವ, ಉಣ್ಣುವ ಜಾಗಗಳಲ್ಲೆಲ್ಲ ಕ್ಯಾಮೆರಾ ಹಾಕಿಸಬೇಕು. ಅದು ಕಂಡದ್ದು ಠಾಣೆಯ ಟಿವಿಯಲ್ಲೂ ಕಾಣಬೇಕು.

“ದೊಡ್ಡ ಊರಲ್ಲಿ ಕೆಟ್ಟ ಕೆಲಸ ಮಾಡೋರು ಹಿಂದಿನ ದಿನ ಯಾವುದೋ ಸಣ್ಣ ಊರಲ್ಲಿ ಬಸ್ ಇಳಿದು, ಊಟ ಮಾಡಿ, ಮುಂದಕ್ಕೆ ಹೋಗಿರ್ತಾರೆ. ಆ ಸಣ್ಣ ಊರು ನಮ್ಮದೇ ಆಗಿರಬಹುದು. ದೇಶದ ಭದ್ರತೆ ಅಂದ್ರೆ ಬರೀ ಗಡೀಲಿ ಅಲ್ಲ” ಎಂದರು.

ಚಹಾದಂಗಡಿಯ ಖಾದರ ಕೈ ಎತ್ತಿದ. “ಸಾಹೇಬ್ರ, ನಮ್ಮ ಅಂಗಡಿಗೆ ಹೊಸದಾಗಿ ಬರೂದು ನೊಣ ಅಷ್ಟ. ಉಳದವ್ರು ಇಪ್ಪತ್ತು ವರ್ಷದಿಂದ ಅವರ ಅದಾರ.”

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಆ ನಗುವಿನಲ್ಲೇ ನಾನು ಕೇಳಿದೆ, “ಅಲ್ರೀ ಸಾಹೇಬ್ರ, ಅದು ಉಣ್ಣಾವ್ರ ತಾಟಿನ್ಯಾಗೂ ಇಣಿಕಿ ನೋಡ್ತತೇನ್ರಿ?”

“ನೋಡಿದ್ರೇನಂತೆ ಅಜ್ಜಿ? ತಪ್ಪು ಮಾಡದೋರಿಗೆ ಯಾಕೆ ಭಯ?”

ನನಗೆ ಉತ್ತರಗಳು ಯಾವಾಗಲೂ ತಡವಾಗಿ ಬರುತ್ತವೆ, ಕೊನೆಯ ಬಸ್ಸಿನ ಹಾಗೆ. ಆದರೆ ಮನೆಗೆ ನಡೆಯುವಾಗ ಕಣ್ಣ ಮುಂದೆ ಒಬ್ಬರೇ ಒಬ್ಬರು ಬಂದು ನಿಂತರು: ಅರಿವೆ ಅಂಗಡಿಯ ಪ್ರಭುಲಿಂಗಪ್ಪ ಸಾವ್ಕಾರರು.

ಅವರ ಸಂಗತಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಸಾವ್ಕಾರರ ಹೆಂಡತಿ ಶೇಖವ್ವನವರ ಕೈರುಚಿ ನಮ್ಮೂರಲ್ಲಿ ಹೆಸರುವಾಸಿ. ಯಾರ ಮನೆಯಲ್ಲಿ ಮದುವೆ ಇದ್ದರೂ ಹೂರಣ ರುಬ್ಬಿದ ಮೇಲೆ ಒಂದು ಬೆರಳಷ್ಟು ಅವರ ನಾಲಗೆಗೆ ಮುಟ್ಟಿಸಿಯೇ ಹೋಳಿಗೆ ಲಟ್ಟಿಸುತ್ತಿದ್ದರು. ಈ ಕ್ಯಾಮೆರಾದ ಮಾತಿಗೆ ಎರಡು ವರ್ಷಕ್ಕೂ ಹಿಂದೆ ಅವರಿಗೊಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗಿನ ವಾಸನೆಯನ್ನೂ ನಾಲಗೆಯ ರುಚಿಯನ್ನೂ ಕರೆದುಕೊಂಡು ಹೋಯಿತು. ಡಾಕ್ಟರು ತಾನಾಗಿ ಬರುತ್ತದೆ ಎಂದರು. ನಾಲ್ಕು ತಿಂಗಳಾದ ಮೇಲೆ ಒಂದು ಮುಂಜಾನೆ ಶೇಖವ್ವನವರು, “ಬಂತು ನೋಡ್ರಿ, ರುಚಿ ಬಂತು!” ಎಂದು ಸಾರಿದರು. ಅದೇ ಖುಷಿಯಲ್ಲಿ ಹೋಳಿಗೆ, ಕಟ್ಟಿನ ಸಾರು ಮಾಡಿ ಗಂಡನಿಗೆ ಬಡಿಸಿದರು. ಸಾರಿನಲ್ಲಿ ಉಪ್ಪು ಎರಡು ಪಟ್ಟು ಇತ್ತು. ಹೆಂಡತಿ ಎದುರಿಗೆ ಕುಳಿತು ಮುಖವನ್ನೇ ನೋಡುತ್ತಿದ್ದರು. ಸಾವ್ಕಾರರು ನುಂಗಿ, “ಭಾಳ ಚಲೋ ಆಗೇತಿ” ಎಂದರು.

ಆ ಒಂದು ಮಾತಿನ ಕೆಳಗೆ ಅವರು ಎರಡು ವರ್ಷ ಬಾಳುವೆ ಮಾಡಿದರು. ರಾತ್ರಿ ಹಾಲು-ಬಾಳೆಹಣ್ಣು ಸಾಕು ಎಂದು ಡಾಕ್ಟರು ಹೇಳಿದ್ದಾರೆಂದು ಒಂದು ಸುಳ್ಳು. ಮುಂಜಾನೆಯ ಉಪ್ಪಿಟ್ಟನ್ನು ನೀರು ಕುಡಿಕುಡಿದು ಒಳಗೆ ತಳ್ಳುವುದು. ಇದ್ದವಳು ಒಬ್ಬಳೇ ಮಗಳು, ನೀಲಾ, ನರಗುಂದದಲ್ಲಿ ಗಂಡನ ಮನೆಯಲ್ಲಿದ್ದಾಳೆ. ಅವಳು ಬಂದಾಗ ಒಲೆಯ ಮುಂದೆ ತಾನೇ ನಿಲ್ಲುವುದರಿಂದ ಅವಳಿಗೂ ತಿಳಿಯಲಿಲ್ಲ. ಉಳಿದದ್ದು ಮಧ್ಯಾಹ್ನದ ಊಟ. ಮನೆಯಿಂದ ಅಂಗಡಿಗೆ ಆಳಿನ ಕೈಯಲ್ಲಿ ಬುತ್ತಿ ಬರುತ್ತಿತ್ತು, ಸ್ಟೀಲಿನ ಡಬ್ಬಿ, ಮೇಲೊಂದು ಬಿಳಿ ವಸ್ತ್ರದ ಗಂಟು. ಅದನ್ನು ಹಿಡಿದುಕೊಂಡು ಸಾವ್ಕಾರರು ನಮ್ಮ ಖಾನಾವಳಿಗೆ ಬರುತ್ತಿದ್ದರು. ಹೆಣ್ಣುಮಕ್ಕಳು ಕೂತು ಉಣ್ಣಲೆಂದು ನಾನು ಹಿಂದುಗಡೆ ಒಂದು ಮೇಜು ಹಾಕಿ ಪರದೆ ಬಿಟ್ಟಿದ್ದೇನೆ. ಅಲ್ಲಿ ಕೂತು ನನ್ನ ರೊಟ್ಟಿ-ಪಲ್ಯ ಉಂಡು, ಗಂಟನ್ನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಮುಂದಿನ ಮೇಜುಗಳಲ್ಲಿ ಉಣ್ಣುವವರು ಬಸ್ಸಿನ ಪರಊರ ಜನ, ಅವರಿಗೆ ಸಾವ್ಕಾರರ ಗುರುತಿರಲಿಲ್ಲ.

ಮೊದಲ ದಿನ ಕೊಡುವಾಗ ಅವರು ಗಂಟನ್ನು ಬೇಗ ಬಿಡಲಿಲ್ಲ. “ಹುಚ್ಚವ್ವಾ, ಇದನ್ನ ಚೆಲ್ಲಬ್ಯಾಡವಾ. ಆಕಿ ಮುಂಜಾನಿ ಐದಕ್ಕ ಎದ್ದು ಮಾಡ್ಯಾಳ.”

ಬೆರಳಿಗೆ ಹಚ್ಚಿ ನೆಕ್ಕಿ ನೋಡಿದೆ. ಯಪ್ಪಾ! ಆದರೆ ಆ ಉಪ್ಪಿನ ಅಡಿಯಲ್ಲಿ ಮಸಾಲೆ ಇತ್ತಲ್ಲ, ಅದು ಹಾಗೇ ಇತ್ತು. ಕೈ ಒಂದಿಷ್ಟೂ ಮರೆತಿರಲಿಲ್ಲ. ಅನ್ನವನ್ನು ಚೆಲ್ಲುವ ಪೈಕಿ ನಾನೂ ಅಲ್ಲ. ಒಂದು ಪಾತ್ರೆ ಬೇಳೆ ಉಪ್ಪಿಲ್ಲದೆ ಕುದಿಸಿ ಅದರಲ್ಲಿ ಆ ಪಲ್ಯವನ್ನು ಬೆರೆಸಿದೆ. ಒಂದು ಡಬ್ಬಿಯ ಉಪ್ಪು ಒಂದು ಪಾತ್ರೆಗೆ ಹರಡಿ ಹದವಾಯಿತು. ಅಂದು ರೋಣದ ಬಸ್ಸಿನ ಡ್ರೈವರ್ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡ. ಅಂದಿನಿಂದ ಅದೇ ರೂಢಿಯಾಯಿತು. ಡಬ್ಬಿ ತೊಳೆದು ಒರೆಸಿ ಅಂಗಡಿಗೆ ಕಳಿಸಿದರೆ ಸಂಜೆ ಸಾವ್ಕಾರರು ಅದನ್ನು ಮನೆಗೆ ಒಯ್ಯುತ್ತಿದ್ದರು. ಖಾಲಿ ಡಬ್ಬಿ ನೋಡಿ ಶೇಖವ್ವನವರು ಹಿಗ್ಗುತ್ತಿದ್ದರು.

ಇದು ಗೊತ್ತಿದ್ದದ್ದು ಮೂವರಿಗೆ: ಅವರಿಗೆ, ನನಗೆ, ರೊಟ್ಟಿ ಬಡಿಯುವ ಮಹೇಶ್ವರಿಗೆ. ಮಹೇಶ್ವರಿಯ ಕೈ ಎಷ್ಟು ಸಪ್ಪಳ ಮಾಡುತ್ತದೋ ಬಾಯಿ ಅಷ್ಟೇ ಮೌನ.

ಕ್ಯಾಮೆರಾ ಒಂದು ಗುರುವಾರ ಬಂತು. ಹಾಕುವವನು ಏಣಿ ಹತ್ತಿ, ದೇವರ ಫೋಟೋದ ಮೇಲಿನ ಮೂಲೆ ಹುಡುಕಿ, “ಇಲ್ಲಿಂದ ಎಲ್ಲಾ ಕಾಣ್ತತಿ” ಎಂದು ಮೊಳೆ ಹೊಡೆದ. ಎಲ್ಲಾ ಎಂದರೆ ಎಲ್ಲಾ: ಬಾಗಿಲು, ಆರು ಮೇಜು, ಅರ್ಧ ಒಲೆ, ಪರದೆ, ಪರದೆಯ ಪಕ್ಕದ ಹಿತ್ತಲ ಬಾಗಿಲು.

ಮರುದಿನದಿಂದ ನನ್ನ ಗಿರಾಕಿಗಳು ಗಿರಾಕಿಗಳಾಗಿ ಉಳಿಯಲಿಲ್ಲ. ಸಾಲಾಗಿ ಕೂಡಿಸಿದ ಸಾಲಿಮಕ್ಕಳ ಹಾಗೆ ನೆಟ್ಟಗೆ ಕೂತು ಉಣ್ಣತೊಡಗಿದರು. ರೋಣದ ಡ್ರೈವರ್ ಒಳಗೆ ಬರುವ ಮೊದಲು ತಲೆ ಬಾಚಿಕೊಂಡ. ಬೆರಳು ನೆಕ್ಕುವವರು ಬೆರಳನ್ನು ಬರೇ ನೋಡಿ ತೊಳೆದುಕೊಂಡರು. ಶಿರೋಳದ ಒಬ್ಬ ರೈತ ದೇವರಿಗೆ ಕೈಮುಗಿದು, ಮೇಲಿದ್ದ ಕ್ಯಾಮೆರಾಕ್ಕೂ ಕೈಮುಗಿದ. “ಅದಕ್ಯಾಕ ಯಪ್ಪಾ?” ಎಂದರೆ, “ಇರ್ಲಿ ತಗೋಬೇ, ಅದೂ ಮ್ಯಾಲಿಂದ ನೋಡ್ತತಿ” ಎಂದ.

ಸಾವ್ಕಾರರು ಹನ್ನೆರಡು ಮುಕ್ಕಾಲಿಗೆ ಬಂದರು. ಹೊಸ್ತಿಲು ದಾಟಿ, ತಲೆ ಎತ್ತಿ, ಅಲ್ಲೇ ನಿಂತರು.

“ಇದು ಯಾವಾಗ ಬಂತು?”

“ನಿನ್ನಿ ರೀ.”

“ಠಾಣ್ಯಾಗ ಇದನ್ನ ಯಾರು ನೋಡ್ತಾರ?”

“ಯಾರರ ಕುಂತಿರ್ತಾರ ಬಿಡ್ರಿ.”

“ಯಾರರ ಅಲ್ಲ. ಕಳಕೇಶ ಕುಂತಿರ್ತಾನ.” ಕಳಕೇಶ ಸೂಡಿಯ ಹುಡುಗ, ಠಾಣೆಯಲ್ಲಿ ಪೇದೆ. “ಅವನ ಹೇಣ್ತಿ ಸೋಮವಾರಕ್ಕೊಮ್ಮಿ ನಮ್ಮ ಮನಿಗೆ ಭಜನಿಗೆ ಬರ್ತಾಳ. ಶೇಖವ್ವನ ಬಾಜೂಕ ಕುಂತು ತಾಳ ಬಾರಸ್ತಾಳ.”

ನಾನು ಪರದೆಯ ಒಳಗೆ ಕರೆದು ಕೂಡಿಸಿ ನೀರು ಕೊಟ್ಟೆ. “ಸಾವ್ಕಾರ್ರ, ಒಬ್ಬ ಮನಷ್ಯಾ ಖಾನಾವಳ್ಯಾಗ ಉಂಡ್ರ ಅದೇನು ಸುದ್ದಿ ಆಕ್ಕೈತ್ರಿ?”

“ಬ್ಯಾರೇವ್ರು ಉಂಡ್ರ ಆಗೂದಿಲ್ಲ. ಮನ್ಯಾಗ ಶೇಖವ್ವನಂಥಾಕಿ ಇದ್ದು ನಾ ಇಲ್ಲಿ ಉಂಡ್ರ, ಜನ ಏನಂತಾರ ಹೇಳು. ಒಂದೋ ನಾ ಕೆಟ್ಟಂವ, ಇಲ್ಲಾ ಆಕಿ ಅಡಗಿ ಕೆಟ್ಟೇತಿ. ನನಗ ಕೆಟ್ಟಂವ ಅಂದ್ರ ಅನ್ಲಿ, ನಡೀತತಿ. ಎರಡನೇದ್ದು ಆಕಿ ಕಿವಿಗೆ ಬಿತ್ತಂದ್ರ ಆಕಿ ಮತ್ತ ಒಲಿ ಮುಂದ ಕುಂದ್ರೂದಿಲ್ಲ ಹುಚ್ಚವ್ವಾ. ಆಕೀದು ಅಂತ ಇರೂದು ಅದೊಂದ.”

ನಾಲ್ಕು ರೊಟ್ಟಿ ಉಣ್ಣುವವರು ಅಂದು ಎರಡು ಉಂಡು ಎದ್ದರು.

ಮರುದಿನ ಅವರು ಒಂದು ಉಪಾಯ ಮಾಡಿಕೊಂಡು ಬಂದರು. ಹಿತ್ತಲ ಬಾಗಿಲಿನಿಂದ ಬಂದರು. ತಲೆಯ ಮೇಲಿಂದ ಮೂಗಿನ ತನಕ ಟವೆಲ್ ಸುತ್ತಿ, ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು, ಗೋಡೆಗೆ ಹತ್ತಿ ಸರಿಯುತ್ತ ಪರದೆಯೊಳಗೆ ನುಗ್ಗಿದರು. ಮಹೇಶ್ವರಿ ನಕ್ಕ ರಭಸಕ್ಕೆ ತವೆಯ ಮೇಲಿನ ರೊಟ್ಟಿ ಕರಕಲಾಯಿತು.

“ಸಾವ್ಕಾರ್ರ, ಮುಂದಿನ ಬಾಗಲದಿಂದ ಬಂದ್ರ ನೀವು ಸಾವ್ಕಾರ್ರು. ಹಿಂಗ ಬಂದ್ರ ಕಳ್ಳರು ಕಂಡಂಗ ಕಾಣ್ತೀರಿ” ಎಂದಳು. ಅವಳು ತಿಂಗಳಿಗೊಮ್ಮೆ ಆಡುವ ಮಾತು ಅದು.

“ಕಳ್ಳ ಕಂಡ್ರ ಕಾಣ್ಲಿ, ಪ್ರಭುಲಿಂಗಪ್ಪ ಕಾಣಬಾರ್ದು” ಎಂದರು ಅವರು ಟವೆಲ್ಲಿನೊಳಗಿಂದ.

ಹನ್ನೊಂದು ದಿನ ಹೀಗೆ ನಡೆಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ಕಳಕೇಶ ಬಂದ. ನಾನೂ ಸೂಡಿಯ ಮಗಳು, ಅದಕ್ಕೆ ಅವನು ನನ್ನನ್ನು ದೊಡ್ಡವ್ವ ಎನ್ನುತ್ತಾನೆ.

“ದೊಡ್ಡವ್ವಾ, ಸಾಹೇಬ್ರು ಕರದಾರ. ನಿನ್ನ ಖಾನಾವಳ್ಯಾಗ ಭಾರೀ ಏನೋ ನಡದೈತಂತ!” ಎಂದ. ಅವನ ಮುಖದಲ್ಲಿ ಹಬ್ಬದ ಕಳೆ ಇತ್ತು.

ಸಾಹೇಬರು ಹನ್ನೊಂದು ದಿನದ ತುಣುಕುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಇಟ್ಟಿದ್ದರು. ಟಿವಿಯಲ್ಲಿ ನೋಡಿದರೆ ನನಗೇ ಅನುಮಾನ ಬಂತು. ಟವೆಲ್ ಸುತ್ತಿದ ಮನುಷ್ಯ, ಕಂಕುಳಲ್ಲಿ ಬಿಳಿ ಗಂಟು, ಅದೇ ಹೊತ್ತು, ಅದೇ ಗೋಡೆ. ಅರ್ಧ ತಾಸಿನ ಮೇಲೆ ಹೊರಗೆ ಬರುತ್ತಾನೆ, ಗಂಟು ಇಲ್ಲ. ಮತ್ತೆ ಮರುದಿನ. ಮತ್ತೆ ಮರುದಿನ.

“ಯಾರೋ ಏನೋ, ಮಾರಿನ ಕಾಣವಲ್ದು” ಎಂದು ಕಳಕೇಶ ಟಿವಿಗೆ ಮೂಗು ತಾಗಿಸಿದ.

“ಸಾಹೇಬ್ರ, ಇವನ್ನ ಚಾ ತರಾಕ ಕಳಸ್ರಿ” ಎಂದೆ. ಸಾಹೇಬರು ನನ್ನನ್ನು ಒಮ್ಮೆ ನೋಡಿ, ಅವನನ್ನು ಕಳಿಸಿದರು. ಅವನು ಹೋಗುವಾಗ ಮೂರು ಸಲ ಹಿಂದಿರುಗಿ ನೋಡಿದ.

“ಗಂಟಲ್ಲಿ ಏನಿದೆ ಅಜ್ಜಿ?”

“ಊಟಾ ರೀ. ರೊಟ್ಟಿ, ಪಲ್ಯಾ.”

“ಖಾನಾವಳಿಗೆ ಯಾರಾದ್ರೂ ಊಟ ಕಟ್ಕೊಂಡು ಬರ್ತಾರಾ?”

ಖರೆ ಮಾತೇ ನನ್ನ ಕಿವಿಗೂ ಸುಳ್ಳಿನ ಹಾಗೆ ಕೇಳಿಸಿತು. “ಬರ್ತಾರ ರೀ. ಒಬ್ರು ಬರ್ತಾರ.”

“ಹೆಸರು?”

“ಅದನ್ನ ಹೇಳಾಂಗಿಲ್ರಿ.”

“ತಪ್ಪು ಮಾಡಿಲ್ಲ ಅಂದ್ರೆ ಹೇಳೋಕೇನು?”

ಆಗ ನನ್ನ ಕೊನೆಯ ಬಸ್ಸು ಬಂತು. “ಅವರು ತಪ್ಪು ಮಾಡಿಲ್ರಿ, ಮುಚ್ಚಿಟ್ಟಾರ. ಎರಡೂ ಬ್ಯಾರೆ ಬ್ಯಾರೆ ರೀ ಸಾಹೇಬ್ರ. ನೀವು ಬಾಗಲಾ ಹಾಕ್ಕೊಂಡ ಜಳಕಾ ಮಾಡ್ತೀರಿ. ಒಳಗ ಕುಂತು ಏನರ ಕಳವು ಮಾಡ್ತೀರೇನು?”

ಅವರು ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ಟಿವಿ ಆರಿಸಿದರು.

“ಅಜ್ಜಿ, ಹಿಂದಿನ ಠಾಣೆಯಲ್ಲಿದ್ದಾಗ ಒಂದು ಲಾಡ್ಜಿನಲ್ಲಿ ಒಂದು ಚೀಲ ಎರಡು ದಿನ ಬಿದ್ದಿತ್ತು. ಯಾರದು ಅಂತ ಮಾಲೀಕನಿಗೆ ಗೊತ್ತಿತ್ತು. ಪರಿಚಯದವನು, ಮರ್ಯಾದಸ್ಥ, ಹೆಸರು ಯಾಕೆ ಹೇಳಲಿ ಅಂತ ಸುಮ್ಮನಿದ್ದ. ಅದರಲ್ಲಿ ಕಲ್ಲು ಸಿಡಿಸೋ ಮದ್ದು ಇತ್ತು. ಕಸ ಗುಡಿಸೋ ಹೆಂಗಸಿನ ಮೂರು ಬೆರಳು ಹೋಯ್ತು. ಮಾಲೀಕ ಒಳ್ಳೆಯವನೇ. ಆದರೆ ಬೆರಳು ಬರಲಿಲ್ಲ.”

ಖಾನಾವಳಿಯ ಕಸ ಗುಡಿಸುವವಳು ಮಹೇಶ್ವರಿಯೇ. ಈ ಹುಡುಗ ಹೇಳುವುದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನಾನು ಹೇಳಿದ್ದೂ ಸುಳ್ಳಾಗಿರಲಿಲ್ಲ. ಎರಡು ಖರೆಗಳು ಎದುರು ಬದುರು ಕುರ್ಚಿ ಹಾಕಿಕೊಂಡು ಕೂತಿದ್ದವು.

“ಗುಟ್ಟು ನಂದಲ್ರಿ, ಅವರ್ದು” ಎಂದೆ. “ನಾ ಕೊಡಾಕ ಬರಾಂಗಿಲ್ಲ. ನಾಳಿ ಮಧ್ಯಾಹ್ನದ ಮಟಾ ತಡೀರಿ, ಅವರನ್ನ ಕೇಳ್ತೀನಿ.”

“ಸರಿ. ನಾಳೆ ಮಧ್ಯಾಹ್ನ ನಾನೇ ಊಟಕ್ಕೆ ಬರ್ತೀನಿ, ಯೂನಿಫಾರಂ ಹಾಕದೆ. ಅವರೂ ಬರಲಿ, ಗಂಟೂ ಬರಲಿ. ಬರಲಿಲ್ಲ ಅಂದ್ರೆ ನಾನು ಹುಡುಕಬೇಕಾಗತ್ತೆ. ಹುಡುಕೋದು ಅಂದ್ರೆ ಈ ಫೋಟೋ ಹತ್ತು ಅಂಗಡಿಯಲ್ಲಿ ತೋರಿಸೋದು. ಆಮೇಲೆ ಗುಟ್ಟು ನಿಮ್ಮದೂ ಅಲ್ಲ, ಅವರದೂ ಅಲ್ಲ.”

ಠಾಣೆಯಿಂದ ನೆಟ್ಟಗೆ ಅರಿವೆ ಅಂಗಡಿಗೆ ಹೋದೆ. ಸಾವ್ಕಾರರು ಯಾರಿಗೋ ಲಂಗದ ಬಟ್ಟೆ ಅಳೆಯುತ್ತಿದ್ದರು. ಗಿರಾಕಿ ಹೋದ ಮೇಲೆ ವಿಷಯ ಹೇಳಿದೆ. ಮೀಟರ್ ಕೋಲು ಅವರ ಕೈಯಿಂದ ಜಾರಿತು.

“ಹುಚ್ಚವ್ವಾ, ನಾ ಊರು ಬಿಡ್ತೀನಿ.”

“ಎಲ್ಲಿಗ್ರಿ?”

“ನರಗುಂದಕ್ಕ, ನೀಲಾನ ಮನಿಗೆ.”

“ಅದಕ್ಕೂ ಬಸ್ಸ ಹತ್ತಬೇಕಲ್ರಿ. ಬಸ್‌ಸ್ಟ್ಯಾಂಡಿನ್ಯಾಗೂ ಹಾಕ್ಯಾರ ಕ್ಯಾಮೆರಾ.”

ಅವರು ಕೋಲು ಎತ್ತಿ ಗಾದಿಯ ಮೇಲೆ ಇಟ್ಟರು. ಕೊನೆಗೆ, “ಆ ಹುಡುಗಗ ನಾನ ಹೇಳ್ತೀನಿ. ಒಬ್ಬಂಗ ಹೇಳೂದು ಹತ್ತು ಅಂಗಡ್ಯಾಗ ಮಾರಿ ತೋರಸೂದಕ್ಕಿಂತ ಚಲೋ” ಎಂದರು.

ಮರುದಿನ ಹನ್ನೆರಡೂವರೆಗೆ ಸಿದ್ದರಾಮೇಶ ಸಾಹೇಬರು ಚೌಕಡಿ ಶರ್ಟು ಹಾಕಿಕೊಂಡು ಬಂದರು. ಕಾಲಲ್ಲಿ ಮಾತ್ರ ಕೆಂಪು ಪೊಲೀಸ್ ಬೂಟು. ಇಡೀ ಖಾನಾವಳಿ ಎದ್ದು ನಮಸ್ಕಾರ ಮಾಡಿತು. ಅವರು ನಾಚಿಕೊಂಡು ಪರದೆಯ ಹಿಂದೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಸಾವ್ಕಾರರು ಮುಂದಿನ ಬಾಗಿಲಿನಿಂದ, ಟವೆಲ್ ಇಲ್ಲದೆ, ಎದೆ ಮುಂದೆ ಮಾಡಿಕೊಂಡು ಬಂದರು. ಬುತ್ತಿಯೂ ಇರಲಿಲ್ಲ. ಹೆದರಿಕೆಯಲ್ಲಿ ಬುತ್ತಿ ಬರುವ ಮೊದಲೇ, ಸಾಹೇಬರನ್ನು ಕಾಣಲು ಖಾನಾವಳಿಗೆ ಹೋಗುತ್ತೇನೆಂದಷ್ಟೇ ಆಳಿಗೆ ಹೇಳಿ, ಅಂಗಡಿ ಬಿಟ್ಟು ಹೊರಟುಬಿಟ್ಟಿದ್ದರು.

ಇಬ್ಬರಿಗೂ ತಾಟು ಹಾಕಿದೆ. ಸಾವ್ಕಾರರು ತಗ್ಗಿದ ದನಿಯಲ್ಲಿ ಜ್ವರದಿಂದ ಹಿಡಿದು ಟವೆಲ್ಲಿನ ತನಕ ಎಲ್ಲಾ ಹೇಳಿದರು. ಸಾಹೇಬರು ಕೇಳುತ್ತ ಕೇಳುತ್ತ ತುತ್ತು ಎತ್ತುವುದನ್ನು ಮರೆತರು.

“ನಂಬ್ತೀನಿ ಯಜಮಾನ್ರೆ. ಆದರೆ ನೋಡದೆ ಬರೆಯೋಕಾಗಲ್ಲ. ಗಂಟು ಎಲ್ಲಿ?”

ಅಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿತು. “ಹುಚ್ಚವ್ವಾ, ನಮ್ಮವ್ರು ಇಲ್ಲಿ ಬಂದಾರೇನ?”

ಶೇಖವ್ವನವರು! ಬುತ್ತಿ ಕಟ್ಟಿಸಿಕೊಳ್ಳಲು ಬಂದ ಅಂಗಡಿಯ ಆಳು, ಸಾವ್ಕಾರರು ಪೊಲೀಸ್ ಸಾಹೇಬರನ್ನು ಕಾಣಲು ಖಾನಾವಳಿಗೆ ಹೋದರೆಂದು ಹೇಳಿದ್ದ. ಪೊಲೀಸ್ ಎಂದ ಕೂಡಲೆ ಅವರು ಕೈಯಲ್ಲಿದ್ದ ಗಂಟಿನ ಸಮೇತ ಓಡಿ ಬಂದಿದ್ದರು. ನಾನು ಅಡ್ಡ ನಿಲ್ಲುವುದರೊಳಗೆ ಪರದೆ ಸರಿಸಿಯೇಬಿಟ್ಟರು.

ಆದರೆ ಸಾವ್ಕಾರರು ಅವರಿಗಿಂತ ಚುರುಕು. ತಮ್ಮ ತಾಟನ್ನು ಸಾಹೇಬರ ಮುಂದೆ ತಳ್ಳಿ ಕೈಕಟ್ಟಿ ಕೂತಿದ್ದರು. ಸಾಹೇಬರ ಎಡಕ್ಕೊಂದು ತಾಟು, ಬಲಕ್ಕೊಂದು ತಾಟು.

“ಇವ್ರು ಯಾರ್ರಿ?”

“ಹೊಸಾ ಪಿಎಸ್‌ಐ ಸಾಹೇಬ್ರು. ಊಟಕ್ಕ ಕರದಿದ್ದೆ.”

“ಎರಡು ತಾಟು ಉಣ್ತಾರ?”

“ಹರೇದವ್ರು” ಎಂದರು ಸಾವ್ಕಾರರು.

ಶೇಖವ್ವನವರ ಹೆದರಿಕೆ ಇಳಿದು ಸಿಟ್ಟು ಏರಿತು. “ಅಲ್ರೀ, ಊಟಕ್ಕ ಕರಿಯಾವ್ರು ಖಾನಾವಳಿಗೆ ಕರೀತಾರೇನು? ನಮ್ಮದೇನು ಮನಿ ಇದ್ದಿದ್ದಿಲ್ಲ? ಹುಚ್ಚವ್ವಾ, ಸಿಟ್ಟ ಆಗಬ್ಯಾಡವಾ, ನಿನ್ನ ಊಟಾ ಚಲೋನ ಐತಿ. ಆದ್ರ ಪರಊರ ಹುಡುಗ…” ಎನ್ನುತ್ತಲೇ ಗಂಟು ಬಿಚ್ಚಿದರು. ಬದನೆಕಾಯಿ ಎಣ್ಣೆಗಾಯಿ, ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ. ಎರಡು ಬದನೆಕಾಯಿಯನ್ನು ಸಾಹೇಬರ ತಾಟಿಗೆ ಹಾಕಿ, ಎದುರಿಗೇ ಕುಕ್ಕರಿಸಿ ಕೂತರು. “ಉಣ್ಣು ತಮ್ಮಾ. ನಿನಗ ಸಾಹೇಬ್ರ ಅನ್ನಾಂಗಿಲ್ಲ ನಾ, ಮೊಮ್ಮಗನಷ್ಟ ಅದಿ.”

ಸಾಹೇಬರು ರೊಟ್ಟಿ ಮುರಿದು, ಬದನೆಕಾಯಿಗೆ ಅದ್ದಿ, ಬಾಯಿಗೆ ಇಟ್ಟರು.

ನಾನು, ಸಾವ್ಕಾರರು, ಒಲೆಯ ಕಡೆಯಿಂದ ಕತ್ತು ಚಾಚಿದ ಮಹೇಶ್ವರಿ, ಮೂವರೂ ಉಸಿರು ಹಿಡಿದೆವು. ಉಪ್ಪು ಅವರ ನಾಲಗೆಯಿಂದ ಕಿವಿಗೆ ಏರಿದ್ದು ನನಗೆ ಕಂಡಿತು. ಕಣ್ಣಲ್ಲಿ ನೀರು ತುಂಬಿತು. ಅವರು ಸಾವ್ಕಾರರನ್ನು ನೋಡಿದರು. ಸಾವ್ಕಾರರು ಮೇಜಿನ ಕೆಳಗೆ ಕೈ ಮುಗಿದಿದ್ದರು. ಶೇಖವ್ವನವರನ್ನು ನೋಡಿದರು, ಅವರು ಕಣ್ಣು ಮಿಟುಕಿಸದೆ ಈ ಹುಡುಗನ ಮುಖವನ್ನೇ ಓದುತ್ತಿದ್ದರು. ಹನ್ನೊಂದು ದಿನ ಟಿವಿ ನೋಡಿ ತಿಳಿಯದ್ದು ಸಾಹೇಬರಿಗೆ ಒಂದು ತುತ್ತಿನಲ್ಲಿ ತಿಳಿಯಿತು.

“ಹ್ಯಾಂಗ ಆಗೇತಿ ತಮ್ಮಾ?”

“ತುಂಬಾ ಚೆನ್ನಾಗಿದೆ ಅಮ್ಮ.”

“ಉಪ್ಪು?”

“ಸರಿಯಾಗಿದೆ.”

“ಹಂಗಾರ ಅದನ್ನೂ ಮುಗಸು, ಮತ್ತೊಂದು ಹಾಕ್ತೀನಿ.”

ಸರಕಾರಿ ಮನುಷ್ಯ ಮೂರು ಬದನೆಕಾಯಿ ಉಂಡರು. ನಾಲ್ಕು ಲೋಟ ನೀರು, ಎರಡು ಲೋಟ ಮಜ್ಜಿಗೆ ಕುಡಿದರು. ಪೊಲೀಸರ ಬಗ್ಗೆ ನನಗೆ ಮೊದಲು ಇದ್ದದ್ದು ಹೆದರಿಕೆ. ಗೌರವ ಹುಟ್ಟಿದ್ದು ಅಂದು.

ಉಂಡ ಮೇಲೆ ಶೇಖವ್ವನವರು ಡಬ್ಬಿ ತೊಳೆಯುತ್ತೇನೆಂದು ತಾವೇ ಹಿತ್ತಲಿಗೆ ನಡೆದರು. ನಾನು ತಂಬಿಗೆ ಹಿಡಿದು ಹಿಂದೆ ಹೋದೆ. ಅವರು ನಲ್ಲಿ ತಿರುವಲಿಲ್ಲ.

“ಹುಚ್ಚವ್ವಾ, ಆ ಹುಡುಗನ ಕಣ್ಣಾಗ ನೀರು ಯಾಕ ಬಂತು?”

“ಖಾರಕ್ರಿ. ಅವ್ರು ಬ್ಯಾರೆ ಸೀಮಿಯವ್ರು.”

“ಇವತ್ತ ನಾ ಖಾರ ಹಾಕೂದ ಮರತೀನಿ.” ಅವರು ಒಗೆಯುವ ಕಲ್ಲಿನ ಮೇಲೆ ಕೂತರು. “ನನಗ ರುಚಿ ಬಂದಿಲ್ಲವಾ. ಎರಡು ವರ್ಷಾತು, ಮಣ್ಣು ತಿಂದ್ರೂ ಅಷ್ಟ, ಹೋಳಿಗಿ ತಿಂದ್ರೂ ಅಷ್ಟ.”

ನಾನು ತಂಬಿಗೆ ಕೆಳಗಿಟ್ಟೆ.

“ನಾಕ ತಿಂಗಳು ಅವ್ರು ನನ್ನ ಮುಂದ ಒಂದು ಚಟ್ನಿ ಸೈತ ತಿನ್ನಲಿಲ್ಲ. ನಿನಗಿಲ್ಲದ್ದು ನನಗ್ಯಾಕ ಅಂತ ಬರೇ ಹಾಲು-ಅನ್ನ ಉಂಡು ಎದ್ದು ಹೋಗಾವ್ರು. ಎಲುಬು ಕಾಣಾಕತ್ತಿದ್ವು. ನೋಡಾಕ ಆಗ್ಲಿಲ್ಲ ನನಗ. ಬಂತು ಅಂದ್ಬಿಟ್ಟೆ. ಅವ್ರಿಗೆ ಹೇಳಬ್ಯಾಡ, ಆಣಿ ಮಾಡು.”

ಗಂಡನ ಗುಟ್ಟಿನ ಮೇಲೆ ಹೆಂಡತಿಯ ಗುಟ್ಟೂ ನನ್ನ ಉಡಿಗೆ ಬಿತ್ತು. ತಲೆ ಆಡಿಸಿದೆ.

“ಖರೇ ಹೇಳು. ಉಪ್ಪು ಎಷ್ಟ ಬೀಳ್ತತಿ?”

ಅವರು ಕೇಳುತ್ತಿದ್ದದ್ದು ತಮ್ಮ ಕೈಯ ಬಗ್ಗೆ. ಅದು ಅವರದೇ. ಅವರದನ್ನು ಅವರಿಗೆ ಹೇಳದೆ ಇಟ್ಟುಕೊಳ್ಳಲು ನಾನು ಯಾರು?

“ಎರಡು ಪಟ್ಟು ಬೀಳ್ತತ್ರಿ ಅಕ್ಕಾರ.”

“ಎರಡು ಪಟ್ಟು!” ಅವರು ಬಾಯಿಗೆ ಸೆರಗು ಹಿಡಿದರು. “ಮತ್ತ ಅವ್ರು? ದಿನಾ ಡಬ್ಬಿ ತೊಳದಂಗ ಮಾಡಿ ತರ್ತಾರಲ್ಲ! ಎರಡು ವರ್ಷ ಆ ಉಪ್ಪು ಉಂಡಾರ?”

ಇದು ಅವರ ಗಂಡನ ಪಾಲಿನ ಮಾತು. “ಅದನ್ನ ಅವರನ್ನ ಕೇಳಬೇಕ್ರಿ” ಎಂದೆ.

ಅವರು ಕೇಳುವವರಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಅಳುವೋ ನಗುವೋ ತಿಳಿಯದ ಹಾಗೆ ಮೈ ಅಲುಗುತ್ತಿತ್ತು. “ಎಂಥಾ ಮನಷ್ಯಾ ಇದ್ದಾರ ನೋಡವಾ” ಎಂದರು. ಸಾವ್ಕಾರರ ಪಾಲಿಗೆ ಬರಬೇಕಾದದ್ದಕ್ಕಿಂತ ನಾಲ್ಕು ಮಣ ಹೆಚ್ಚಿಗೆಯೇ ಪುಣ್ಯ ಆ ಗಳಿಗೆಯಲ್ಲಿ ಬಂತು. ತಿದ್ದುವುದು ನನ್ನ ಕೆಲಸವಾಗಿರಲಿಲ್ಲ.

ಮಹೇಶ್ವರಿಯನ್ನು ಕರೆದೆ. ಅವಳು ಮಸಾಲೆ ಡಬ್ಬಿಯ ಸಣ್ಣ ಚಮಚ ತಂದು, ಪಲ್ಯಕ್ಕೆ ಎಷ್ಟು, ಸಾರಿಗೆ ಎಷ್ಟು, ಬೆರಳಿನಿಂದ ಮಟ್ಟ ಮಾಡಿ ತೋರಿಸಿದಳು. ಶೇಖವ್ವನವರು ಆ ಚಮಚವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕಣ್ಣು ಒರೆಸಿಕೊಂಡು, ಗಂಡನ ಜೊತೆ ಮನೆಗೆ ಹೋದರು.

ಸಾಹೇಬರು ಇನ್ನೂ ಕೂತಿದ್ದರು. ನನ್ನನ್ನು ಕಂಡು ಎದ್ದು, ಒಂದು ಕುರ್ಚಿ ಎಳೆದು, ಬೂಟು ಬಿಚ್ಚಿ, ಅದರ ಮೇಲೆ ಹತ್ತಿ ಕ್ಯಾಮೆರಾವನ್ನು ತಾವೇ ತಿರುಗಿಸಿದರು. ಈಗ ಅದಕ್ಕೆ ಬಾಗಿಲೆರಡು ಮತ್ತು ಬೀದಿ ಮಾತ್ರ ಕಾಣುತ್ತಿತ್ತು.

“ಯಾರು ಬಂದ್ರು, ಯಾರು ಹೋದ್ರು, ಅಷ್ಟು ನನಗೆ ಬೇಕು ಅಜ್ಜಿ. ತಟ್ಟೆ, ಪರದೆ ನಿಮಗಿರಲಿ. ಆದರೆ ಏನಾದ್ರೂ ಸರಿ ಇಲ್ಲ ಅಂತ ನಿಮ್ಮ ಮನಸ್ಸಿಗೆ ಬಂತೋ, ದಾಕ್ಷಿಣ್ಯ ಮಾಡಬಾರದು.”

“ಮಾಡಾಂಗಿಲ್ರಿ” ಎಂದೆ. ಅದು ಬಾಯಿಮಾತಲ್ಲ. ಆ ಮೂರು ಬೆರಳು ನನಗೆ ಇವತ್ತಿಗೂ ನೆನಪಿಗೆ ಬರುತ್ತವೆ. ಯಾವುದಾದರೂ ಚೀಲ ವಾರಸುದಾರರಿಲ್ಲದೆ ಐದು ನಿಮಿಷ ಬಿದ್ದರೆ ಖಾನಾವಳಿ ನಡುಗುವ ಹಾಗೆ ಕೂಗುತ್ತೇನೆ. “ಮತ್ತ ಆ ಹನ್ನೊಂದು ದಿನದ ಟವೆಲ್ಲಿಂದು?”

“ತಿಂಗಳಾದ್ರೆ ತಾನೇ ಅಳಿಸಿಹೋಗತ್ತೆ. ಅಲ್ಲಿ ತನಕ ಆ ಟಿವಿ ಮುಂದೆ ನಾನೇ ಕೂತ್ಕೋತೀನಿ.”

ಠಾಣೆಯ ಪುಸ್ತಕದಲ್ಲಿ ಅವರು, ‘ಗಂಟು ತೆರೆದು ಪರಿಶೀಲಿಸಲಾಯಿತು, ಊಟ, ಅಪಾಯವಿಲ್ಲ’ ಎಂದು ಬರೆದರಂತೆ. ಕಳಕೇಶ ಬಂದು ಹೇಳಿದ. “ದೊಡ್ಡವ್ವಾ, ಅಪಾಯ ಇಲ್ಲ ಅಂತ ಹ್ಯಾಂಗ ಗೊತ್ತಾತ್ರಿ ಅಂತ ಕೇಳಿದ್ರ, ನಾನೇ ತಿಂದು ನೋಡ್ದೆ ಅಂದ್ರವಾ. ಖರೇ ಹೇಳು, ಯಾರಂವ ಟವೆಲ್ಲಿನಂವ?” ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಉಣ್ಣುವಾಗ ಅವನು ಬೇರೆ ಮಾತಾಡುವುದಿಲ್ಲ.

ಎಂಟು ದಿನ ಸಾವ್ಕಾರರ ಸುಳಿವಿರಲಿಲ್ಲ. ಒಂಬತ್ತನೆಯ ದಿನ ಮುಂಜಾನೆ, ಊಟದ ಹೊತ್ತಲ್ಲದ ಹೊತ್ತಿನಲ್ಲಿ ಬಂದು, ಬಾಗಿಲ ಹತ್ತಿರದ ಮೇಜಿಗೇ ಕೂತರು. ಮುಖದಲ್ಲಿ ಏನೋ ಚಿಂತೆ.

“ಹುಚ್ಚವ್ವಾ, ಒಂದು ವಿಚಿತ್ರ ಆಗೇತಿ. ಆಕಿ ಅಡಗಿ ಸರಿ ಆಗೇತಿ.”

“ಹೌದ್ರಿ?”

“ಮೊದಲಿನಂಗ ಆಗೇತಿ. ನೀ ಏನರ ಹೇಳಿದ್ಯೇನು?”

“ನಿಮ್ಮದು ಒಂದು ಮಾತೂ ಹೇಳಿಲ್ರಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನು ಮೇಜು ಒರೆಸಿದೆ.

“ಈಗ ನನಗ ಬ್ಯಾರೆ ತ್ರಾಸ ಹತ್ತೇತಿ” ಎಂದರು. “ಎರಡು ವರ್ಷ ಸುಳ್ಳಸುಳ್ಳ ಹೊಗಳಿ ಹೊಗಳಿ ಇದ್ದ ಮಾತೆಲ್ಲಾ ಖರ್ಚ ಮಾಡೀನಿ. ಭಾಳ ಚಲೋ ಆಗೇತಿ ಅಂತ ದಿನಾ ಅಂದೀನಿ. ಈಗ ಖರೇನ ಚಲೋ ಆದ್ರ ಏನನ್ಲಿ? ಹೊಸಾ ಮಾತ ಎಲ್ಲಿಂದ ತರ್ಲಿ?”

ಒಲೆಯ ಕಡೆಯಿಂದ ಮಹೇಶ್ವರಿಯ ರೊಟ್ಟಿಯ ಸಪ್ಪಳ ನಿಂತಿತು.

“ನಿನ್ನಿ ಏನಂದ್ರಿ?” ಎಂದು ಕೇಳಿದೆ.

“ಏನೂ ಅನ್ಲಿಲ್ಲ. ಸುಮ್ಮನ ತಾಟ ಮುಂದ ಮಾಡಿ ಎರಡನೇ ಸಲ ಹಾಕಿಸ್ಕೊಂಡೆ. ಆಮ್ಯಾಲ ಮೂರನೇ ಸಲ.”

“ಅಕ್ಕಾರು ಏನಂದ್ರು?”

“ಆಕೀನೂ ಏನೂ ಅನ್ಲಿಲ್ಲ. ನನ್ನ ಮಾರಿ ನೋಡೂದು ಬಿಟ್ಟು, ತಾನೂ ತಾಟ ಹಚ್ಕೊಂಡು ಬಾಜೂಕ ಕುಂತ್ಲು.”